ವೀಲ್‌ಚೇರ್ ತವಾಫ್ ಅರೆಬರೆಯೇ?

ಸಕಲೇಶಪುರದ ಓದುಗರೊಬ್ಬರ ಪತ್ರ: "ನಮ್ಮ ಅಬ್ಬಾಗೆ ಎಪ್ಪತ್ತು. ಮಂಡಿನೋವು. ಮುಂದಿನ ವರ್ಷ ಹಜ್‌ಗೆ ಹೊರಟಿದ್ದಾರೆ. ವೀಲ್‌ಚೇರ್ ಹಿಡಿದರೆ ಪ್ರತಿಫಲ ಕಡಿಮೆ ಅಂತ ಹೋಗಿಬಂದ ಹಾಜಿಗಳು ಹೇಳ್ತಾರೆ. ಹೌದೇ?"

ಪಟ್ಟ ಕಷ್ಟಕ್ಕೆ ತಕ್ಕ ಪ್ರತಿಫಲ ಎಂಬ ಮಾತು ಹದೀಸಿನಲ್ಲೇ, ಅಂದರೆ ಪ್ರವಾದಿಯವರ ನಡೆನುಡಿಗಳ ದಾಖಲೆಯಲ್ಲೇ, ಇದೆ. ನಡೆಯಬಲ್ಲವರು ನಡೆಯಲಿ, ಅದರಲ್ಲಿ ತಕರಾರಿಲ್ಲ. ಆದರೆ ಅದೇ ಹದೀಸುಗಳಲ್ಲಿ ಇನ್ನೊಬ್ಬ ಮುದುಕನೂ ಇದ್ದಾನೆ ನೋಡಿ. ಇಬ್ಬರು ಮಕ್ಕಳ ಆಸರೆಯಲ್ಲಿ ಕಾಲೆಳೆಯುತ್ತಾ ಬರುತ್ತಿದ್ದ. ಏನಿದು ಎಂದು ಪ್ರವಾದಿಯವರು ಕೇಳಿದರೆ, ನಡೆದೇ ಹೋಗುವ ಹರಕೆಯಂತೆ. ಈತ ತನ್ನನ್ನು ತಾನು ಹಿಂಸಿಸಿಕೊಳ್ಳುವುದು ಅಲ್ಲಾಹನಿಗೆ ಬೇಕಿಲ್ಲ ಎಂದು ಸವಾರಿ ಹತ್ತಲು ಹೇಳಿದರು. ತಮ್ಮ ಕೊನೆಯ ಹಜ್ ಆದ ವಿದಾಯ ಹಜ್‌ನಲ್ಲಿ ಅವರೇ ಒಂಟೆಯ ಮೇಲೆ ಕೂತು ತವಾಫ್, ಅಂದರೆ ಕಾಬಾದ ಸುತ್ತ ಏಳು ಸುತ್ತು, ಮಾಡಿದ್ದುಂಟು. ಅಸ್ವಸ್ಥರಾಗಿದ್ದ ಪತ್ನಿ ಉಮ್ಮು ಸಲಮಾ ಅವರಿಗೂ ಜನರ ಹಿಂದಿನಿಂದ ಸವಾರಿಯಲ್ಲೇ ಸುತ್ತಿ ಎಂದರು. ಶ್ರವಣಬೆಳಗೊಳದ ದೊಡ್ಡ ಬೆಟ್ಟವನ್ನು ಡೋಲಿಯಲ್ಲಿ ಹತ್ತಿದ ಅಜ್ಜಿಗೆ ಗೊಮ್ಮಟ ಅರ್ಧ ಕಂಡ ಎಂದು ನಮ್ಮ ಜಿಲ್ಲೆಯಲ್ಲಿ ಯಾರೂ ಅನ್ನುವುದಿಲ್ಲವಲ್ಲ!

ಪುಣ್ಯದ ಲೆಕ್ಕ ಬಿಡಿ, ಕಾಲಿನ ಲೆಕ್ಕ ಹಾಕಿ. ತವಾಫ್ ಆದಮೇಲೆ ಸಫಾ, ಮರ್ವಾ ಎಂಬ ಎರಡು ಗುಡ್ಡಗಳ ನಡುವೆ ಏಳು ಸಲ ನಡೆಯಬೇಕು. ಸಫಾದಿಂದ ಮರ್ವಾಕ್ಕೆ ಸುಮಾರು 450 ಮೀಟರ್. ಏಳು ಸಲ ಎಂದರೆ ಮೂರು ಕಿಲೋಮೀಟರ್‌ಗೂ ಮೇಲೆ, ಅದೂ ಗಟ್ಟಿ ಅಮೃತಶಿಲೆಯ ನೆಲದಲ್ಲಿ. ಇಲ್ಲೇ ಎಷ್ಟೋ ಜನ ಎಡವುವುದು: ಹೋಗಿದ್ದು ಒಂದು, ಬಂದಿದ್ದು ಎರಡು. ಹೋಗಿಬಂದಿದ್ದನ್ನೆಲ್ಲ ಒಂದೆಂದು ಎಣಿಸಿ ಹದಿನಾಲ್ಕು ಸಲ ನಡೆದು ಕುಸಿಯುತ್ತಾರೆ. ಕೊನೆಯದು ಮರ್ವಾದಲ್ಲಿ ಮುಗಿದರೆ ಎಣಿಕೆ ಸರಿ. ತವಾಫ್ ಅನ್ನು ಮೇಲಿನ ಅಂತಸ್ತಿನಲ್ಲಿ ಮಾಡಿದರೆ ನೂಕುನುಗ್ಗಲು ಕಡಿಮೆ, ಸುತ್ತು ಮಾತ್ರ ಬಹಳ ಉದ್ದ. ಕಾಬಾದ ಮೂಲೆಯ ಕಪ್ಪುಶಿಲೆ ಹಜರುಲ್ ಅಸ್ವದ್ ಮುಟ್ಟಲು ಮುನ್ನುಗ್ಗುವುದು ಬೇಡ, ದೂರದಿಂದ ಕೈ ತೋರಿಸಿದರೆ ಸಾಕು. ಯಾತ್ರಿಕರ ಉಡುಪಾದ ಇಹ್ರಾಮ್‌ನಲ್ಲಿ ಹೊಲಿಗೆಯ ಒಳಉಡುಪು ಇಲ್ಲದ್ದರಿಂದ ಗಂಡಸರಿಗೆ ತೊಡೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ವಾಸನೆಯಿಲ್ಲದ ವ್ಯಾಸಲೀನ್ ಮೊದಲೇ ಹಚ್ಚಲಿ.

ಮಿನಾದಲ್ಲಿ ಸೈತಾನನ ಗುರುತಿನ ಕಂಬಗಳಾದ ಜಮರಾತ್‌ಗೆ ಎಸೆಯಲು ಕಡಲೆಕಾಳಿನಷ್ಟು ಕಲ್ಲು 49 ಬೇಕು, ದುಲ್‌ಹಜ್ ತಿಂಗಳ 13ರವರೆಗೆ ಅಲ್ಲೇ ಉಳಿದರೆ 70. ಗುರಿ ತಪ್ಪಿದ್ದು ಲೆಕ್ಕಕ್ಕಿಲ್ಲ, ಹಾಗಾಗಿ ನಾಲ್ಕಾರು ಹೆಚ್ಚೇ ಇರಲಿ. ಒಂದೊಂದಾಗಿಯೇ ಎಸೆಯಬೇಕು, ಏಳನ್ನೂ ಒಮ್ಮೆಲೇ ಎಸೆದರೆ ಒಂದೇ ಕಲ್ಲಿನ ಲೆಕ್ಕ. ಚಪ್ಪಲಿ ಎಸೆಯುವ ಶೂರರೂ ಇದ್ದಾರೆ, ಅದಕ್ಕೆ ಲೆಕ್ಕವೇ ಇಲ್ಲ. ಅಬ್ಬಾಗೆ ಅಲ್ಲಿವರೆಗೆ ಹೋಗಲು ಆಗದಿದ್ದರೆ, ನೀವು ಜೊತೆಗಿದ್ದು ನಿಮ್ಮದನ್ನು ಮುಗಿಸಿ ಅವರ ಪರವಾಗಿ ಎಸೆಯಬಹುದು.

ಬಿಸಿಲಿನ ಮುಂದೆ ಮಾತ್ರ ಶೌರ್ಯ ಬೇಡ. 2024ರಲ್ಲಿ ಮಕ್ಕಾದ ತಾಪ 51 ಡಿಗ್ರಿ ದಾಟಿತ್ತು. ಸೌದಿ ಸರಕಾರದ ಲೆಕ್ಕದಲ್ಲೇ 1,301 ಜನ ತೀರಿಕೊಂಡರು. ಬಹುಪಾಲು ಪರವಾನಗಿಯಿಲ್ಲದೆ ಹೋಗಿ, ನೆರಳಿಲ್ಲದೆ ದೂರದೂರ ನಡೆದವರು. ಅಬ್ಬಾರದು ಮಲೆನಾಡಿನ ಮಂಜು ಕುಡಿದ ದೇಹ, ನೆನಪಿರಲಿ.

ನನ್ನ ಸಿಟ್ಟು ಆ ಹಾಜಿಗಳ ಮೇಲಲ್ಲ, ನಮ್ಮ ಪದ್ಧತಿಯ ಮೇಲೆ. ಮಗಳ ಮದುವೆಯಾಗಲಿ, ಮನೆ ಮುಗಿಯಲಿ, ತೋಟದ ಸಾಲ ತೀರಲಿ ಎನ್ನುತ್ತಾ ಮಂಡಿ ಸವೆದ ಮೇಲೆ ಹಿರಿಯರನ್ನು ವಿಮಾನ ಹತ್ತಿಸುತ್ತೇವೆ. ಅಲ್ಲಿಯತನಕ ನಡೆಯೋಣವೆಂದರೆ ಜಾಗವೆಲ್ಲಿ? ಹಾಸನದ ಫುಟ್‌ಪಾತ್ ಮೇಲೆ ಬೈಕು, ಬೋರ್ಡು, ಬಜ್ಜಿ ಗಾಡಿ. ಮುದುಕರು ರಸ್ತೆಗಿಳಿದರೆ ಹಾರ್ನ್. ಮಸೀದಿಗೂ ಮೊಮ್ಮಗನ ಸ್ಕೂಟರ್‌ನಲ್ಲೇ ಹೋಗುವ ಅಜ್ಜ ಹಜ್‌ನ ಅರಫಾತ್ ಬಯಲಿನಲ್ಲಿ ಒಮ್ಮೆಲೇ ಹೇಗೆ ನಡೆದಾರು?

ಇನ್ನೂ ವರ್ಷವಿದೆ. ಡಾಕ್ಟರ್ ಒಪ್ಪಿದರೆ ದಿನಕ್ಕೆ ಅರ್ಧ ಗಂಟೆಯಿಂದ ಶುರುಮಾಡಿಸಿ. ಅಲ್ಲಿ ಹಾಕುವ ಚಪ್ಪಲಿಯನ್ನು ಈಗಲೇ ಕೊಳ್ಳಿ. ಪಾದದ ಮೇಲಿನ ಮೂಳೆ ಮುಚ್ಚದಂಥದ್ದಿರಲಿ. ಬೊಬ್ಬೆ ಏಳುವುದಿದ್ದರೆ ಸಕಲೇಶಪುರದಲ್ಲೇ ಏಳಲಿ.