ಉಗ್ರಾಣದಲ್ಲಿ ಉಳಿದ ಅಕ್ಕಿ

ಉಡುಪಿ ಕುಂಜಿಬೆಟ್ಟಿನ ಓದುಗರೊಬ್ಬರು ನಾಲ್ಕು ಪುಟ ತುಂಬ ಬರೆದಿದ್ದಾರೆ. ನಿವೃತ್ತ ಬ್ಯಾಂಕ್ ಉದ್ಯೋಗಿ. ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಒಂದು ದೊಡ್ಡ ಕಂಪನಿಯ ಮೇಲೆ ಗ್ರಾಹಕರೆಲ್ಲರ ಪರವಾಗಿ ಹೂಡಿದ್ದ ದಾವೆ ರಾಜಿಯಲ್ಲಿ ಮುಗಿದಿದೆಯಂತೆ. ಅರ್ಜಿ ತುಂಬಿದರೆ ಮಗನಿಗೂ ಏಳು ಡಾಲರ್ ಸಿಗುತ್ತದೆ. ಯಾರೂ ಕೇಳದೆ ಉಳಿದ ಹಣ ಒಂದು ಸೇವಾ ಸಂಸ್ಥೆಗೆ ಹೋಗುತ್ತದೆ. ಮಗ ಅರ್ಜಿ ತುಂಬಲಿಲ್ಲ. ತಂದೆಗೂ ಅದೇ ಸರಿ ಅನಿಸಿದೆ. “ಧರ್ಮಕ್ಕೆ ಹೋಗುವ ಹಣ ಎಲ್ಲಿಗೆ ಹೋದರೇನು? ನಮ್ಮಲ್ಲೂ ಇಂಥ ಉಳಿಕೆಯನ್ನು ಯಾವುದಾದರೂ ಒಳ್ಳೆಯ ಅನಾಥಾಶ್ರಮಕ್ಕೆ ಕೊಡುವ ಹಾಗೆ ಕಾನೂನು ಬರಬೇಕು. ನೀವು ಇದರ ಬಗ್ಗೆ ಬರೆಯಬೇಕು” ಎಂದಿದ್ದಾರೆ.

ಬರೆಯುತ್ತೇನೆ. ಆದರೆ ನೀವು ಬಯಸಿದ ಹಾಗೆ ಅಲ್ಲ.

ನಿಮ್ಮ ಮಾತಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಕೋಟಿಗಟ್ಟಲೆ ಜನಕ್ಕೆ ಚಿಲ್ಲರೆ ಹಂಚಲು ಹೊರಟರೆ ಹಂಚುವ ಖರ್ಚೇ ಜಾಸ್ತಿ ಆಗುತ್ತದೆ. ಉಳಿದದ್ದನ್ನು ಕಂಪನಿಗೇ ವಾಪಸ್ ಕೊಟ್ಟರೆ ತಪ್ಪು ಮಾಡಿದವರಿಗೇ ಲಾಭ. ಅನಾಥ ಮಕ್ಕಳಿಗೆ ಹೋದರೆ ಒಳ್ಳೆಯದೇ. ಇಷ್ಟು ಒಪ್ಪಿದೆ.

ಈಗ ನನ್ನ ಊರಿನ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ದೇವಸ್ಥಾನದಲ್ಲಿ ಬ್ರಹ್ಮಕಲಶ ನಡೆಯಿತು. ಮನೆಮನೆಯಿಂದ ಹೊರೆಕಾಣಿಕೆ ಬಂತು. ಅಕ್ಕಿ, ತೆಂಗಿನಕಾಯಿ, ಕುಂಬಳ, ಮಟ್ಟುಗುಳ್ಳ. ಎಲ್ಲ ಮುಗಿದ ಮೇಲೆ ಉಗ್ರಾಣದಲ್ಲಿ ಅಕ್ಕಿ ಮೂಟೆಗಳು ಉಳಿದವು, ಸಮಿತಿಯ ಖಾತೆಯಲ್ಲಿ ಒಂದಿಷ್ಟು ಹಣವೂ ಉಳಿಯಿತು. ಲೆಕ್ಕಪತ್ರದ ಸಭೆಯಲ್ಲಿ ಒಬ್ಬರು ದ್ವಾರ ಕಟ್ಟಿಸೋಣ ಎಂದರು. ಇನ್ನೊಬ್ಬರು ಪೇಟೆಯ ದೊಡ್ಡ ಸಂಸ್ಥೆಯೊಂದಕ್ಕೆ ಕೊಡೋಣ, ಅವರು ಕಾರ್ಯಕ್ರಮ ಮಾಡಿ ಸಮಿತಿಯವರಿಗೆ ಶಾಲು ಹೊದಿಸುತ್ತಾರೆ ಎಂದರು. ಚಪ್ಪಾಳೆಯೂ ಬಿತ್ತು. ಆಗ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಬೀಡಿ ಕಟ್ಟಿ ಬದುಕಿದವರು. ಎಲೆ ಸುರುಟಿ ಸುರುಟಿ ಬೆರಳ ತುದಿ ನುಣ್ಣಗಾಗಿತ್ತು. “ನಾನು ಎರಡು ಸೇರು ಅಕ್ಕಿ ಕೊಟ್ಟದ್ದು ಬಂದವರ ಊಟಕ್ಕೆ. ಉಳಿದರೆ ಅದೂ ಊಟಕ್ಕೇ ಹೋಗಬೇಕು” ಅಂದರು. ಅಷ್ಟೇ ಹೇಳಿ ಕೂತರು. ಅಕ್ಕಿ ಊರಿನ ಅಂಗನವಾಡಿಗೂ ಹಾಸಿಗೆ ಹಿಡಿದವರಿದ್ದ ಮೂರು ಮನೆಗಳಿಗೂ ಹೋಯಿತು. ಹಣ ಮುಂದಿನ ವರ್ಷದ ಅನ್ನಸಂತರ್ಪಣೆಗೆ ಉಳಿಯಿತು.

ಆ ಅಜ್ಜಿ ಹೇಳಿದ ಮಾತಿಗೆ ಕಾನೂನಿನಲ್ಲಿ ಒಂದು ಹೆಸರಿದೆ. ‘ಸೈ ಪ್ರೆ’ ಎನ್ನುತ್ತಾರೆ. ಹಳೆಯ ಫ್ರೆಂಚ್ ಮಾತು. ಸಾಧ್ಯವಾದಷ್ಟು ಹತ್ತಿರ ಎಂದು ಅರ್ಥ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್‌ನಲ್ಲೂ ಧರ್ಮದತ್ತಿಗಳ ವಿಷಯದಲ್ಲಿ ಈ ಮಾತು ಬರುತ್ತದೆ. ಬಾಸ್ಟನ್ನಿನ ಫ್ರಾನ್ಸಿಸ್ ಜಾಕ್ಸನ್ 1861ರಲ್ಲಿ ತೀರಿಕೊಂಡಾಗ, ಗುಲಾಮಗಿರಿಯ ವಿರುದ್ಧ ಹೋರಾಡಲು ಉಯಿಲಿನಲ್ಲಿ ಹಣ ಇಟ್ಟಿದ್ದರು. 1865ರಲ್ಲಿ ಗುಲಾಮಗಿರಿಯೇ ರದ್ದಾಯಿತು. ಇನ್ನು ಈ ಹಣ ನಮ್ಮದು ಎಂದು ನೆಂಟರು ಬಂದರು. 1867ರಲ್ಲಿ ಮ್ಯಾಸಚೂಸೆಟ್ಸ್ ನ್ಯಾಯಾಲಯ ಅವರಿಗೆ ಕೊಡಲಿಲ್ಲ. ಬಿಡುಗಡೆಯಾದವರ ಓದಿಗೆ ಕೊಟ್ಟಿತು. ಊರಿನ ಇನ್ನಾವುದೋ ಒಳ್ಳೆಯ ಕೆಲಸಕ್ಕೆ ಕೊಡಬಹುದಿತ್ತು ಅಲ್ವಾ? ಕೊಡಲಿಲ್ಲ. ಯಾರಿಗಾಗಿ ಇಟ್ಟ ಹಣವೋ ಅವರನ್ನೇ ಹುಡುಕಿಕೊಂಡು ಹೋಯಿತು.

ಈ ಹತ್ತಿರ ತಪ್ಪಿದರೆ ಏನಾಗುತ್ತದೆ ನೋಡಿ. ಜನ ಹುಡುಕಿದ ಪದಗಳನ್ನು ಬೇರೆ ಜಾಲತಾಣಗಳಿಗೆ ದಾಟಿಸಿದೆ ಎಂದು ಗೂಗಲ್ ಮೇಲೆ ದಾವೆ ಬಿತ್ತು. 85 ಲಕ್ಷ ಡಾಲರ್‌ಗೆ ರಾಜಿ ಆಯಿತು. ಸುಮಾರು 12.9 ಕೋಟಿ ಜನರ ಪರವಾಗಿ ನಡೆದ ದಾವೆ. ಇಷ್ಟು ಜನಕ್ಕೆ ಹಂಚಲು ಆಗುವುದೇ ಇಲ್ಲ ಎಂದು ಆ ಜನರಿಗೆ ಒಂದು ಕಾಸೂ ಇಡಲಿಲ್ಲ. ವಕೀಲರಿಗೆ 20 ಲಕ್ಷಕ್ಕೂ ಜಾಸ್ತಿ, ಸುಮಾರು 53 ಲಕ್ಷ ಆರು ಸಂಸ್ಥೆಗಳಿಗೆ. ಅವುಗಳಲ್ಲಿ ಕೆಲವು ಆ ವಕೀಲರೇ ಓದಿದ ವಿಶ್ವವಿದ್ಯಾಲಯಗಳು. ಕೆಲವಕ್ಕೆ ಗೂಗಲ್ ಮೊದಲೇ ದೇಣಿಗೆ ಕೊಡುತ್ತಿತ್ತು. ಕೊಡುತ್ತಿದ್ದ ದೇಣಿಗೆಯನ್ನೇ ದಂಡ ಎಂದು ಕೊಟ್ಟರೆ ದಂಡ ಯಾರಿಗೆ ಬಿದ್ದ ಹಾಗಾಯಿತು? ಆಕ್ಷೇಪ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2019ರಲ್ಲಿ ಅದು ಈ ಪ್ರಶ್ನೆಯನ್ನು ತೀರ್ಮಾನಿಸದೆ ಕೆಳಗಿನ ಕೋರ್ಟಿಗೆ ವಾಪಸ್ ಕಳಿಸಿತು. ಕೊನೆಗೆ ಹೊಸ ರಾಜಿಯಾಗಿ 2.3 ಕೋಟಿ ಡಾಲರ್ ನಿಗದಿಯಾಯಿತು, ಅರ್ಜಿ ಹಾಕಿದವರ ಕೈಗೇ ಹಣ ಎಂದಾಯಿತು. ಹಂಚಲು ಆಗುವುದೇ ಇಲ್ಲ ಎಂದಿದ್ದನ್ನು ಹಂಚಲು ದಾರಿ ಸಿಕ್ಕಿತಲ್ಲ!

ನಮ್ಮ ದೇಶದಲ್ಲೂ ದಾರಿ ತೋರಿದ ಉದಾಹರಣೆ ಉಂಟು. ಭೋಪಾಲ್ ದುರಂತದ 47 ಕೋಟಿ ಡಾಲರ್ ಪರಿಹಾರ 1989ರಲ್ಲಿ ಬಂತು. ವರ್ಷಗಟ್ಟಲೆ ಬಡ್ಡಿ ಬೆಳೆದು ಸುಮಾರು 1,500 ಕೋಟಿ ರೂಪಾಯಿ ಉಳಿಯಿತು. ಅದಕ್ಕೆ ಬೇರೆ ಖರ್ಚು ಹುಡುಕುವುದು ಕಷ್ಟವಿರಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೇ ಹಂಚಿ ಎಂದಿತು. ಅವರಿಗೆ ಮೊದಲು ಸಿಕ್ಕಿದ್ದೂ ಕಡಿಮೆಯೇ, ಅದು ಬೇರೆ ನೋವು.

ನೀವು ಕೇಳಿದ ಕಾನೂನಿನ ಅರ್ಧ ನಮ್ಮಲ್ಲಿ ಈಗಲೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ನೋಡಿ. ನಷ್ಟವಾದವರು ತುಂಬಾ ಜನ, ಅವರನ್ನು ಗುರುತಿಸುವುದು ಸುಲಭವಿಲ್ಲ ಎಂದಾದರೆ, ಮಾರಿದ ದೋಷದ ಸರಕಿನ ಬೆಲೆಯಲ್ಲಿ ಕನಿಷ್ಠ ಶೇ. 25 ಕಟ್ಟಿಸಬಹುದು. ಹಳೆಯ ಕಾಯ್ದೆಯಲ್ಲಿ ಇದು ಶೇ. 5 ಇತ್ತು. ಆ ಹಣ ಎಲ್ಲಿಗೆ ಹೋಗಬೇಕು ಎಂಬುದನ್ನು ಮಾತ್ರ ನಿಯಮಕ್ಕೆ ಬಿಟ್ಟಿದ್ದಾರೆ. ನಷ್ಟವಾದವರನ್ನು ಒಂದು ಮಾತು ಕೇಳಬೇಕು ಎಂದು ಅಲ್ಲಿಲ್ಲ. ನನ್ನ ಜಗಳ ಇರುವುದು ಇಲ್ಲೇ.

ನೀವು ಬ್ಯಾಂಕಿನಲ್ಲಿ ಇದ್ದವರು, ಆದ್ದರಿಂದ ಇದನ್ನೂ ಹೇಳುತ್ತೇನೆ. 1928ರಲ್ಲಿ ನಮ್ಮ ಉಡುಪಿಯಲ್ಲೇ ಪಿಗ್ಮಿ ಶುರುವಾಯಿತು. ಸಿಂಡಿಕೇಟ್ ಬ್ಯಾಂಕಿನ ಏಜೆಂಟರು ದಿನಾ ಮನೆಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಅದು ಈ ಜಿಲ್ಲೆಯ ಹೆಮ್ಮೆ. ಈಗ ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಏಳು ವರ್ಷ ಯಾರೂ ಕೇಳದ ಡಿವಿಡೆಂಡ್ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಎರಡನ್ನೂ ವಾಪಸ್ ಕೇಳಬಹುದು, ನಿಜ. ನನ್ನ ಅಮ್ಮ ತೀರಿಕೊಂಡ ಮೇಲೆ ಕಪಾಟಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ, ಒಂದು ಪಿಗ್ಮಿ ಪುಸ್ತಕ ಸಿಕ್ಕಿತು. ಇನ್ನೂ ನುಸಿಗುಳಿಗೆಯ ವಾಸನೆ ಇತ್ತು. ಕೋಳಿಮೊಟ್ಟೆ ಮಾರಿ ಕಟ್ಟಿದ ಹಣ. ಅದಕ್ಕಾಗಿ ನಾನು ಒಂದು ಬ್ಯಾಂಕಿಗೆ ಐದು ಸಲ ಹೋದೆ. ಪ್ರತಿ ಸಲ ಇನ್ನೊಂದು ಕಾಗದ ಕೇಳಿದರು. ಕೊನೆಗೆ ಹಣ ಬಂತು. ನನಗೆ ಓದು ಬರಹ ಬರುತ್ತದೆ, ರಜೆ ಹಾಕಲು ಆಗುತ್ತದೆ. ಪಕ್ಕದ ಮನೆಯ ಮೀನು ಮಾರುವ ಹೆಂಗಸು ಐದು ಸಲ ಹೋಗುತ್ತಿದ್ದರೇ? ತೆಗೆದುಕೊಳ್ಳಲು ಮನೆಬಾಗಿಲಿಗೆ ಬಂದವರು ಹಿಂದೆ ಕೊಡಲು ಯಾಕೆ ಬರುವುದಿಲ್ಲ ಮಾರಾಯ್ರೇ? ಯಾರೂ ಕೇಳಲಿಲ್ಲ ಎನ್ನುತ್ತಾರೆ. ಯಾರಿಗೂ ಹೇಳಲಿಲ್ಲ ಎನ್ನುವುದು ಸರಿ.

ಅರ್ಜಿಯ ಕೊನೆಯ ದಿನ ಯಾವುದೆಂದು ನೀವು ಬರೆದಿಲ್ಲ. ಇನ್ನೂ ದಾಟಿರದಿದ್ದರೆ ಇವತ್ತು ರಾತ್ರಿಯೇ ಮಗನಿಗೆ ಫೋನ್ ಮಾಡಿ. ಅರ್ಜಿ ತುಂಬಲಿ. ಉಳಿದ ಹಣ ಯಾವ ಸಂಸ್ಥೆಗೆ, ಆ ಮೋಸಕ್ಕೂ ಆ ಸಂಸ್ಥೆಗೂ ಏನು ಸಂಬಂಧ ಎಂದು ನೋಡಲಿ. ಸರಿ ಕಾಣದಿದ್ದರೆ ಕೋರ್ಟಿಗೆ ಆಕ್ಷೇಪ ಬರೆಯುವ ಹಕ್ಕು ಅವನಿಗುಂಟು, ಅದಕ್ಕೂ ಕೊನೆಯ ದಿನ ಇರುತ್ತದೆ. ಏಳು ಡಾಲರ್ ಕೈಗೆ ಬಂದ ಮೇಲೆ ಅನಾಥಾಶ್ರಮಕ್ಕೆ ಅವನೇ ಕೊಡಲಿ.

– ಸಂ.