70 ದಾಟಿದ ಅಮ್ಮನಿಗೆ ದಿನಾ ಬಳಸಲು ಎಂಥ ಬ್ಯಾಗ್ ಒಳ್ಳೆಯದು?

ಮೊದಲು ಖಾಲಿ ಬ್ಯಾಗನ್ನೇ ಎತ್ತಿ ನೋಡಿ. ಖಾಲಿ ಇರುವಾಗಲೇ ಭಾರ ಅನಿಸಿದರೆ ಅಲ್ಲೇ ಬಿಟ್ಟುಬಿಡಿ. ಅರ್ಧ ಲೀಟರ್ ನೀರು ಇಟ್ಟರೇ ಅರ್ಧ ಕಿಲೋ ಆಯಿತು. ಮೇಲೆ ಕೊಡೆ, ಮದ್ದು, ಕನ್ನಡಕ. ಚರ್ಮದ್ದು ನೋಡಲು ಚಂದ, ಆದರೆ ಭಾರ ಜಾಸ್ತಿ. ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿಯುತ್ತದೆ. ನೈಲಾನ್ ಸಾಕು.

ಬದಿಯಡ್ಕದಲ್ಲಿ ಬಸ್ಸು ಹತ್ತುವಾಗ ಕಂಬಿ ಹಿಡಿಯಲು ಎರಡೂ ಕೈ ಬೇಕು, ಅಲ್ವಾ? ಹಾಗಾಗಿ ಎದೆಗೆ ಅಡ್ಡ ಹಾಕುವ ಉದ್ದ ಪಟ್ಟಿಯದ್ದೇ ವಾಸಿ. ಪಟ್ಟಿ ಎರಡು ಬೆರಳಿನಷ್ಟಾದರೂ ಅಗಲ ಇರಲಿ. ಸಪೂರ ಪಟ್ಟಿ ಭುಜ ಕೊರೆಯುತ್ತದೆ. ಚಿಲ್ಲರೆಗೆ ಹೊರಗೊಂದು ಜೇಬು ಬೇಕು.

ಒಳಗಿನ ಬಟ್ಟೆಯ ಬಣ್ಣವನ್ನು ಯಾರೂ ನೋಡುವುದಿಲ್ಲ. ನನ್ನ ಅಮ್ಮನ ಬ್ಯಾಗಿನ ಒಳಗೆಲ್ಲ ಕಪ್ಪು. ರೇಷನ್ ಅಂಗಡಿಯಲ್ಲಿ ಕಾರ್ಡ್ ಹುಡುಕುತ್ತಾ ನಿಂತರೆ ಹಿಂದಿನವರ ಗೊಣಗಾಟ ಶುರು. ಒಳಗೆ ತಿಳಿ ಬಣ್ಣ ಇದ್ದರೆ ಬೀಗದ ಕೈಯೂ ಥಟ್ಟನೆ ಕಾಣುತ್ತದೆ.

ಜಿಪ್ಪಿನ ತುದಿ ಚಿಕ್ಕದಾಗಿದ್ದರೆ ದಪ್ಪ ದಾರದ ಕುಣಿಕೆ ಕಟ್ಟಿಕೊಡಿ. ಗಂಟುನೋವಿನ ಬೆರಳಿಗೆ ಎಳೆಯಲು ಸುಲಭ. ಮತ್ತೆ, ಸುಮ್ನೆ ಸರ್‌ಪ್ರೈಸ್ ಅಂತ ನೀವೇ ತರಬೇಡಿ, ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.