ಹಾರ್ವರ್ಡ್ ಸ್ಟೇಡಿಯಂಗೂ ಅಮೆರಿಕನ್ ಫುಟ್‌ಬಾಲ್‌ನ ‘ಫಾರ್ವರ್ಡ್ ಪಾಸ್’ಗೂ ಏನು ಸಂಬಂಧ?

ಸಂಬಂಧ ಇರೋದು ಕಾಂಕ್ರೀಟಿನಲ್ಲಿ. ಆ ಸ್ಟೇಡಿಯಂನ ಮೈದಾನ ಅಗಲ ಮಾಡಲು ಆಗಲಿಲ್ಲ, ಹಾಗಾಗಿ ಚೆಂಡನ್ನು ಮುಂದಕ್ಕೆ ಎಸೆಯಲು ಬಿಡುವ ಮಾತಿಗೆ ಬಲ ಬಂತು.

ಮೊದಲು ಈ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಅವುಚಿ ಹಿಡಿದುಕೊಂಡು ಗುಂಪಾಗಿ ಎದುರಾಳಿಗಳ ಮೇಲೆ ನುಗ್ಗಬೇಕಿತ್ತು. ಮೂಳೆ ಮುರಿಯೋದಿರಲಿ, ಜೀವವೇ ಹೋಗುತ್ತಿತ್ತು. 1905ರಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳವರನ್ನು ಕರೆಸಿ ಮಾತಾಡಿದರು.

ನೂಕುನುಗ್ಗಲು ತಗ್ಗಿಸಲು ಮೈದಾನದ ಅಗಲವನ್ನು ಇನ್ನೂ 40 ಅಡಿ ಹೆಚ್ಚಿಸೋಣ ಎಂಬ ಸಲಹೆ ಬಂತು. ಆದರೆ ಹಾರ್ವರ್ಡ್ 1903ರಲ್ಲಷ್ಟೇ ಕುದುರೆ ಲಾಳದ ಆಕಾರದ ಕಾಂಕ್ರೀಟ್ ಸ್ಟೇಡಿಯಂ ಕಟ್ಟಿತ್ತು. ಮರದ ಗ್ಯಾಲರಿಯಾಗಿದ್ದರೆ ಕಿತ್ತು ಹಿಂದಕ್ಕೆ ಹಾಕಬಹುದಿತ್ತು. ಕಾಂಕ್ರೀಟನ್ನು ಸರಿಸೋದು ಹೇಗೆ?

1906ರಲ್ಲಿ ಫಾರ್ವರ್ಡ್ ಪಾಸ್‌ಗೆ ಒಪ್ಪಿಗೆ ಸಿಕ್ಕಿತು. ಚೆಂಡು ತಲೆ ಮೇಲಿಂದ ಹಾರಿದರೆ ಅದನ್ನು ಹಿಡಿಯಲು, ತಡೆಯಲು ಆಟಗಾರರು ಚದುರಲೇಬೇಕು ಅಲ್ವಾ? ಮೈದಾನ ಅಷ್ಟೇ ಇದ್ದರೂ ಆಟ ಹರಡಿಕೊಂಡಿತು.

ಸ್ಟೇಡಿಯಂ ಒಂದೇ ಕಾರಣ ಅಂದರೆ ಸ್ವಲ್ಪ ಜಾಸ್ತಿಯಾಯಿತು. ಪಾಸ್ ಬೇಕು ಅನ್ನುವವರು ಮೊದಲೇ ಇದ್ದರು. ಹಾರ್ವರ್ಡ್ ಕ್ರಿಮ್ಸನ್ ಫುಟ್‌ಬಾಲ್ ತಂಡ ಇವತ್ತಿಗೂ ಅಲ್ಲೇ ಆಡುತ್ತದೆ.